ಐಸಿನ ಬಂಗಡೆ

ಜುಲೈ ೭, ೨೦೨೪, ಭಾನುವಾರ

ಇವತ್ತು ನನ್ನ ಬುದ್ಧಿ ಎಲ್ಲಿಗೆ ಹೋಗಿತ್ತೋ! ಪುರಂದರಣ್ಣ ಕಾರ್ಗಿಲ್‌ನಲ್ಲಿ ತೀರಿಕೊಂಡು ಇಂದಿಗೆ ಇಪ್ಪತ್ತೈದು ವರ್ಷ. ಬಂಗಡೆ ಮೀನೆಂದರೆ ಜೀವ ಬಿಡುತ್ತಿದ್ದವನು. ಆದರೆ ಅವನ ದಿನ ಬರುವುದು ಹೊನ್ನಾವರದ ದೋಣಿಗಳೆಲ್ಲ ದಡದಲ್ಲಿರುವ ಮಳೆಗಾಲದಲ್ಲಿ; ಹಾಗಾಗಿ ಎಡೆಗೆ ಪ್ರತಿ ವರ್ಷವೂ ಒಣಮೀನೇ. ಈ ಸಲವಾದರೂ ಇರಲಿ ಎಂದು ಪೇಟೆಯಿಂದ ಐಸಿನ ಬಂಗಡೆ ತಂದೆ.

ಅವ್ವಿ ಚೀಲದೊಳಗೆ ಕೈ ಹಾಕಿದವಳು ಥಟ್ಟನೆ ಹಿಂದಕ್ಕೆ ತೆಗೆದಳು.

"ಇದ್ನ ಎಂತಕ್ಕೆ ತಂದ್ಯೆ? ಅಂವ ಪೆಟ್ಟಿಗೇಲಿ ಐಸಿನ ಹಾಂಗೇ ಬಂದಿದ್ದ. ಅವ್ನ ಎಲೆಗೆ ಐಸಿಂದು ಎಂತದೂ ಬ್ಯಾಡ."

ಒಣಮೀನನ್ನೇ ಸುಟ್ಟು ಬಡಿಸಿದೆವು.

ಅಂದು ಪೆಟ್ಟಿಗೆ ತೆರೆದಾಗ ಅವನ ಕೆನ್ನೆ ಮುಟ್ಟಿದ್ದು ಅವ್ವಿ ಒಬ್ಬಳೇ. ನಾನು ಹೆದರಿ ಬಾಗಿಲ ಹಿಂದೆ ನಿಂತಿದ್ದೆ. ಆ ತಣುಪು ನನ್ನ ಕೈಗೆ ಗೊತ್ತೇ ಇಲ್ಲ.