ಅವ್ವನ ಕಿವಿ, ನನ್ನ ಕಿವಿ

ಕೊಳ್ಳೇಗಾಲ
೧೪ ಜುಲೈ ೨೦೨೪

ಪ್ರೀತಿಯ ಇಂಚರಾ,

ಹೇಗಿದ್ದೀಯ ಮಗಳೇ? ಧಾರವಾಡದಲ್ಲಿ ಮಳೆ ಹಿಡಿದುಕೊಂಡಿದೆ ಅಂತ ಮೊಬೈಲಿನಲ್ಲಿ ನೋಡಿದೆ. ಕಾಲೇಜಿನ ಮೆಟ್ಟಿಲು ಒದ್ದೆಯಾಗಿರುತ್ತವೆ, ಹತ್ತಿ ಇಳಿಯುವಾಗ ಕಂಬಿ ಹಿಡಿದುಕೋ. ಬಸುರಿ ಹೆಂಗಸು ಅಷ್ಟು ಹೊತ್ತು ನಿಂತು ಪಾಠ ಮಾಡುವುದು ಬೇಡ, ಒಂದು ಕುರ್ಚಿ ಹಾಕಿಸಿಕೋ. ಯಾರೂ ಏನೂ ಅನ್ನುವುದಿಲ್ಲ.

ನೀನು ಕಳಿಸಿದ ಮೆಸೇಜಿಗೆಲ್ಲ 'ಸರಿ', 'ಆಯ್ತು' ಅಂತ ಒಂದೊಂದೇ ಮಾತು ಹಾಕಿ ತಪ್ಪಿಸಿಕೊಂಡು ಓಡಾಡಿದೆ. ಸಿಟ್ಟು ಮಾಡಿಕೊಳ್ಳಬೇಡ. ಹೇಳಬೇಕಾದದ್ದು ಮೆಸೇಜಿನಲ್ಲಿ ಹಿಡಿಯುವಂಥದ್ದಲ್ಲ. ಕಾಗದ ತಕ್ಕೊಂಡು ಕೂತರೆ ಮೊದಲ ಸಾಲೇ ಬರುತ್ತಿರಲಿಲ್ಲ. ಇವತ್ತು ನಿನ್ನ ಕವಿತ ಅತ್ತೆ ಕಾಫಿ ತಂದಿಟ್ಟು, 'ಬರೀದೆ ಏಳಬೇಡಿ' ಅನ್ನುವಂತೆ ಬೆರಳು ತೋರಿಸಿ ಹೋದಳು.

ಮೈಸೂರಿನಲ್ಲಿ ಮತ್ತೊಮ್ಮೆ ಕಿವಿ ಪರೀಕ್ಷೆ ಮಾಡಿಸಿದೆ. ಆಸ್ಪತ್ರೆಯಲ್ಲಿ ನೀನು ನನ್ನ ಜೊತೆ ಇದ್ದಾಗ 'ಕೇಳುವುದು ನಿಧಾನಕ್ಕೆ ಬರಬಹುದು' ಅಂದಿದ್ದರಲ್ಲ, ಬರುವುದಿಲ್ಲವಂತೆ. ಕಿವಿಗೆ ಹಾಕುವ ಯಂತ್ರವನ್ನೂ ಹಾಕಿ ನೋಡಿದರು. ತಗಡಿನ ಮೇಲೆ ಮರಳು ಸುರಿದ ಹಾಗೆ ಏನೋ ಒಂದು, ಮಾತಲ್ಲ. ಅದನ್ನು ತೆಗೆದರೆ ಒಳಗೇ ಹುಟ್ಟುವ 'ಕೀ' ಅನ್ನುವ ಸದ್ದು. ಅದೊಂದು ಮಾತ್ರ ಬಿಡುವಿಲ್ಲದೆ ಕೇಳುತ್ತದೆ.

ಕೆಲಸ ಬಿಟ್ಟೆ. ಇದೂ ನಿನಗೆ ಹೊಸ ಸುದ್ದಿ. ಸಂಸ್ಥೆಯವರು ಯಾರೂ ಬಿಡು ಅನ್ನಲಿಲ್ಲ, 'ಇನ್ನೆರಡು ವರ್ಷ ಇದೆ, ಕೂತು ಬರೆಯಿರಿ ಮೇಡಂ' ಅಂತಲೇ ಬರೆದು ತೋರಿಸಿದರು. ಆದರೆ ಒಂದು ದಿನ ಲ್ಯಾಬಿನಲ್ಲಿ ಸೆಂಟ್ರಿಫ್ಯೂಜ್ ಹಾಕಿ ಪಕ್ಕದಲ್ಲೇ ನಿಂತಿದ್ದೆ. ನೀನು ಚಿಕ್ಕವಳಿದ್ದಾಗ 'ಅಮ್ಮನ ಗ್ರೈಂಡರ್' ಅನ್ನುತ್ತಿದ್ದೆಯಲ್ಲ, ಅದೇ. ಗಿರಗಿರ ತಿರುಗುವಾಗ ಅದರ ಎರಡು ಬದಿಯ ತೂಕ ತಪ್ಪಿದರೆ ಎಷ್ಟು ಭಯಂಕರವಾಗಿ ಬಡಿದುಕೊಳ್ಳುತ್ತದೆ ಅಂತ ನನ್ನ ಎಲ್ಲ ವಿದ್ಯಾರ್ಥಿಗಳಿಗೂ ಮೊದಲನೇ ದಿನವೇ ಹೇಳಿಕೊಡುತ್ತಿದ್ದವಳು ನಾನು. ನನ್ನ ವಿದ್ಯಾರ್ಥಿ ಉಮೇಶ್ ಮೂರನೇ ಕೋಣೆಯಿಂದ ಓಡಿ ಬಂದು ನನ್ನನ್ನು ಎಳೆದು, ಗುಂಡಿ ಒತ್ತಿ ನಿಲ್ಲಿಸಿದ. ಅವನ ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತು. ಯಂತ್ರ ಮೇಜಿನ ಅಂಚಿಗೆ ಬಂದುಬಿಟ್ಟಿತ್ತು. ನನಗೆ ಏನೂ ಗೊತ್ತಾಗಿರಲಿಲ್ಲ. ಅವತ್ತು ಬಿಳಿ ಕೋಟು ಮಡಿಸಿ ಕುರ್ಚಿಯ ಮೇಲಿಟ್ಟು ಬಂದವಳು ತಿರುಗಿ ಹೋಗಲಿಲ್ಲ, ಇಲ್ಲಿ ತವರಲ್ಲೇ ಉಳಿದುಬಿಟ್ಟೆ.

ನಿನ್ನಪ್ಪ ತೀರಿಕೊಂಡ ಮೇಲೆ ಆ ಲ್ಯಾಬೇ ನನಗೆ ಮನೆಯಾಗಿತ್ತು. ಟೈಫಾಯ್ಡಿನ ಬ್ಯಾಕ್ಟೀರಿಯಾ ನೀರಿನಲ್ಲಿದ್ದಾಗ ಒಂದು ಥರ, ಮನುಷ್ಯನ ಮೈ ಹೊಕ್ಕ ಕೂಡಲೇ ಇನ್ನೊಂದು ಥರ. 'ಈಗ ಬದಲಾಗು' ಅಂತ ಅದಕ್ಕೆ ಒಳಗಿನಿಂದ ಹೇಳುವುದು ಆರ್‌ಎನ್‌ಎಯ ಒಂದು ಚಿಕ್ಕ ತುಂಡು. ಆ ತುಂಡಿನ ಬೆನ್ನು ಹತ್ತಿ ಪ್ರಾಯವೆಲ್ಲ ಕಳೆದೆ. ನಿನ್ನ ಎಷ್ಟೋ ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸಿದ್ದು ಅಪ್ಪನೇ. ಆ ತುಂಡನ್ನು ತಡೆದರೆ ಬ್ಯಾಕ್ಟೀರಿಯಾ ಮಂಕಾಗುತ್ತದೆ ಅಂತ ಕೊನೆಗೂ ತೋರಿಸಿದೆವು. ಅದು ಔಷಧಿಯಾಗುವ ಹೊತ್ತಿಗೆ ನಾನಿರುವುದಿಲ್ಲ. ಅದರ ದುಃಖವಿಲ್ಲ, ನಮ್ಮ ಕಸುಬೇ ಅಂಥದ್ದು.

ಈಗ ಹೇಳಬೇಕಾದ ವಿಷಯ.

ಹೋದ ತಿಂಗಳು ಉಮೇಶ್ ತನ್ನೂರು ಹನೂರಿಗೆ ಹೋಗುವಾಗ ಇಲ್ಲಿ ಇಳಿದು ನನ್ನನ್ನು ನೋಡಲು ಬಂದಿದ್ದ. ಅವನು ನನ್ನ ಕೊನೆಯ ವಿದ್ಯಾರ್ಥಿ, ನಮ್ಮ ಕಡೆಯವನು ಅಂತ ನನಗೆ ಒಂದು ಕೈ ಹೆಚ್ಚೇ ಅಕ್ಕರೆ. ನಿನ್ನ ರಂಗರಾಜು ಮಾವ ಮಗ್ಗ ಬಿಟ್ಟು ಎದ್ದು ಬಂದು ಮಾತಾಡಿಸಿದ. ಅಜ್ಜಿ ಎಂದಿನಂತೆ ಕಂಬಕ್ಕೆ ಒರಗಿ ಕೂತಿದ್ದಳು. ಅಜ್ಜಿಗೂ ಕಿವಿ ಕೇಳದು ಅಂತ ಗೊತ್ತಾದ ಮೇಲೆ ಉಮೇಶ್ ಯಾವಾಗಿನಿಂದ ಅಂತ ಕೇಳಿದನಂತೆ. ಮಾವ, 'ಮಗ್ಗದ ಸದ್ದಿಗೆ ಕಿವಿ ಓಗಿದ್ದು ಸಾ, ನಮ್ ಕಸ್ಬಲ್ಲಿ ಇದ್ದುದ್ದೇಯ' ಅಂದ. ನಾವೆಲ್ಲ ನಂಬಿಕೊಂಡು ಬಂದದ್ದೂ ಅದನ್ನೇ. ಅಜ್ಜಿ ತುಟಿ ನೋಡಿಯೇ ಮಾತು ಹಿಡಿಯುತ್ತಾಳಲ್ಲ, ಅವಳೂ ನಡುವೆ ಬಾಯಿ ಹಾಕಿದಳು: 'ರಂಗ ಆಗ ಅಂಬೆಗಾಲಿಕ್ತಿದ್ದ. ನಂಗೆ ಕ್ಷಯದ ಕೆಮ್ಮು. ದಿನಾ ಆಸ್ಪತ್ರೆಗೋಗಿ ಸೂಜಿ ಚುಚ್ಚುಸ್ಕಂಡ್ ಬರ್ತಿದ್ದೆ. ಆ ವರ್ಸಾನೇ ಕಣಪ್ಪ, ಕೂಸು ಅಳೋದು ಕೇಳ್ದಂಗಾಗೋಯ್ತು.'

ಇದೆಲ್ಲ ಕವಿತ ಆಮೇಲೆ ನನಗೆ ಬರೆದು ತೋರಿಸಿದ್ದು. ಆ ಹೊತ್ತಿನಲ್ಲಿ ನನಗೆ ಕಂಡದ್ದು ಉಮೇಶನ ಮುಖ ಮಾತ್ರ. ಅವನು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದ. ಮೊಬೈಲಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ: 'ಮೇಡಂ, ನಿಮ್ಮ ರಕ್ತ, ಅಜ್ಜಿ ರಕ್ತ, ಎರಡೂ ಕೊಡ್ತೀರಾ?' ಅವನು ಯಾಕೆ ಕೇಳಿದ ಅಂತ ನನಗೆ ಆ ಕ್ಷಣವೇ ಹೊಳೆಯಿತು. ಹೊಳೆದದ್ದು ಸುಳ್ಳಾಗಲಿ ಅಂತ ಬೇಡಿಕೊಂಡೆ.

ಸುಳ್ಳಾಗಲಿಲ್ಲ.

ಸರಳವಾಗಿ ಹೇಳುತ್ತೇನೆ, ಗಮನವಿಟ್ಟು ಓದು. ನನ್ನ ರಕ್ತಕ್ಕೆ ಸೋಂಕು ಹತ್ತಿದಾಗ ಬೇರೆ ಯಾವ ಔಷಧಿಗೂ ಅದು ಬಗ್ಗಲಿಲ್ಲ. ಕೊನೆಗೆ ಉಳಿದದ್ದು ಅಮಿಕಾಸಿನ್ ಅನ್ನುವ ಇಂಜೆಕ್ಷನ್. ಕಿವಿಗೆ ತೊಂದರೆ ಆಗಬಹುದು ಅಂತ ಡಾಕ್ಟರು ಮುಚ್ಚಿಡದೆ ಹೇಳಿದ್ದರು, ನೀನೂ ಅಲ್ಲೇ ಇದ್ದೆ. ಅವರು ಮಾಡಿದ್ದು ಸರಿ, ನಾನು ಬದುಕಿದ್ದೇ ಅದರಿಂದ. ಆ ಗುಂಪಿನ ಔಷಧಿಗಳು ಬ್ಯಾಕ್ಟೀರಿಯಾದ ಒಂದು ಆರ್‌ಎನ್‌ಎಯನ್ನು ಹಿಡಿದು ಅದನ್ನು ಕೊಲ್ಲುತ್ತವೆ. ನಮ್ಮ ಜೀವಕೋಶದ ಒಳಗೂ ಅಂಥದ್ದೇ ಒಂದು ಆರ್‌ಎನ್‌ಎ ಇದೆ, ಆದರೆ ಸ್ವಲ್ಪ ಬೇರೆ ಥರ, ಅದಕ್ಕೇ ಔಷಧಿ ಸಾಮಾನ್ಯವಾಗಿ ಅದರ ತಂಟೆಗೆ ಹೋಗುವುದಿಲ್ಲ. ಕೆಲವೇ ಮನೆತನಗಳಲ್ಲಿ ಅದರ ಒಂದೇ ಒಂದು ಅಕ್ಷರ ಬದಲಾಗಿ, ನೋಡಲು ಬ್ಯಾಕ್ಟೀರಿಯಾದ ಆರ್‌ಎನ್‌ಎಯಂತೆಯೇ ಆಗಿಬಿಟ್ಟಿರುತ್ತದೆ. ಔಷಧಿಗೆ ಗುರುತು ತಪ್ಪುತ್ತದೆ. ಮೊದಲು ಸಾಯುವುದು ಕಿವಿಯೊಳಗಿನ ಕೋಶಗಳು. ಅಜ್ಜಿಗೆ ಅಂದು ಚುಚ್ಚಿದ ಸೂಜಿಯೂ ಇದೇ ಗುಂಪಿನದು.

ಉಮೇಶ್ ಲ್ಯಾಪ್‌ಟಾಪು ತಂದು, ಬಂದ ಫಲಿತಾಂಶವನ್ನು ನನ್ನ ಮುಂದೆ ತೆರೆದ. ಅವನು ಬೆರಳಿಟ್ಟು ತೋರಿಸುವ ಮೊದಲೇ ನನ್ನ ಕಣ್ಣು ಆ ಅಕ್ಷರದ ಮೇಲೆ ಹೋಗಿ ನಿಂತಿತ್ತು. ನನ್ನದರಲ್ಲೂ ಅದೇ, ಅವ್ವನದರಲ್ಲೂ ಅದೇ. ಉಮೇಶ್ ಆ ಕಡೆ ತಿರುಗಿ ಕನ್ನಡಕ ಒರೆಸಿಕೊಳ್ಳುತ್ತ ನಿಂತ.

ಮಾವ ತುಟಿ ಬಿಡಿಸಿ ಬಿಡಿಸಿ ಅಜ್ಜಿಗೆ ತಿಳಿಸಿದ. ಅವಳಿಗೆ ಎಷ್ಟು ಅರ್ಥವಾಯಿತೋ. 'ಅಂಗಾರೆ ಮಗ್ಗದ್ದೇನೂ ತಪ್ಪಿಲ್ವಾ?' ಅಂದಳಂತೆ ಮೊದಲು. ಆಮೇಲೆ ಕೋಲೂರಿಕೊಂಡು ನನ್ನ ಹತ್ತಿರ ಬಂದು, ಎರಡೂ ಕಿವಿಯ ಮೇಲೆ ಅಂಗೈ ಇಟ್ಟು ಏನೋ ಹೇಳಿದಳು. ಆ ಮಾತನ್ನು ಕವಿತ ಬರೆದು ತೋರಿಸಬೇಕಾಗಲಿಲ್ಲ. 'ನಾನೇ ಕೊಟ್ನಲ್ಲ ಮಗಾ.'

ಇಲ್ಲ ಅವ್ವಾ, ಇಲ್ಲ ಅಂತ ತಲೆ ಆಡಿಸಿದೆ. ಯಾರೂ ಬೇಕೂಂತ ಕೊಡುವುದಲ್ಲ. ಆದರೆ ಇಂಚರಾ, ಇದು ತಾಯಿಯಿಂದ ಮಾತ್ರ ಬರುವುದು, ಅವಳು ಹೆತ್ತ ಎಲ್ಲ ಮಕ್ಕಳಿಗೂ ಬರುವುದು. ಮಾವನಿಗೂ ಇದೆ, ಅವನ ಮಕ್ಕಳಿಗೆ ಹೋಗಿರುವುದಿಲ್ಲ. ನಿನಗೆ ಇದೆ. ನಿನ್ನ ಹೊಟ್ಟೆಯಲ್ಲಿರುವ ಕೂಸಿಗೂ ಇರುತ್ತದೆ. ಅವತ್ತು ಅವ್ವ ನನ್ನ ಕಿವಿ ಮುಟ್ಟಿ ಅಂದದ್ದನ್ನೇ ನಾನು ನಿನಗೆ ಕಾಗದದಲ್ಲಿ ಅನ್ನುತ್ತಿದ್ದೇನೆ.

ಹೆದರಬೇಡ. ಆ ಗುಂಪಿನ ಸೂಜಿ ಬೀಳದಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನಾನು ಇಷ್ಟು ವಯಸ್ಸಿನವರೆಗೆ ಎಲ್ಲವನ್ನೂ ಕೇಳಿಕೊಂಡೇ ಬಂದವಳು. ಆದರೆ ಹುಟ್ಟಿದ ಮಗುವಿಗೆ ಸೋಂಕು ಅನ್ನಿಸಿದರೆ ಮೊದಲು ಕೊಡುವುದೇ ಈ ಗುಂಪಿನ ಇಂಜೆಕ್ಷನ್. ನಿನ್ನ ಡಾಕ್ಟರಿಗೆ ನಾಳೆಯೇ ತಿಳಿಸು. ನೀನೂ ಪರೀಕ್ಷೆ ಮಾಡಿಸಿಕೋ. ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಸು. ಮಹದೇವಪ್ರಸಾದನಿಗೂ ಈ ಕಾಗದ ಓದಲು ಕೊಡು. ಹೆರಿಗೆಯ ಹೊತ್ತಿನಲ್ಲಿ ನೀನು ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಗಂಡನಾದವನು ಹೇಳಬೇಕು. ಬೇರೆ ಔಷಧಿಗಳಿವೆ, ಕೊಡುತ್ತಾರೆ.

ಇಲ್ಲಿ ನಾನು ಚೆನ್ನಾಗಿದ್ದೇನೆ. ನಾಲ್ಕು ಮಗ್ಗ ಕಣ್ಣ ಮುಂದೆ ಸುಮ್ಮನೆ ಆಡುತ್ತವೆ, ಲಾಳಿ ಅತ್ತಿಂದಿತ್ತ ಹೋಗುತ್ತದೆ. ನೆಲಕ್ಕೆ ಪಾದ ಊರಿದರೆ ಅದುರುವುದು ತಿಳಿಯುತ್ತದೆ. ಅವ್ವನೂ ನಾನೂ ಪಕ್ಕಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತೇವೆ. ನಮ್ಮಿಬ್ಬರಿಗೆ ಮಾತು ಬೇಕಾಗುವುದಿಲ್ಲ.

ನಿನ್ನ ಹೆರಿಗೆ ಸುಸೂತ್ರವಾಗಲಿ. ಕೂಸು ಊರೆಲ್ಲ ಎದ್ದು ಕೂರುವ ಹಾಗೆ ಅಳಲಿ, ನೀವಿಬ್ಬರೂ ಕೇಳಿ. ನೆತ್ತಿಗೆ ಎಣ್ಣೆ ಇಟ್ಟೆ ಅಂದುಕೋ ಅಂತ ಅಜ್ಜಿ ನಿನಗೆ ಹೇಳಿಸಿದ್ದಾಳೆ.

ನಿನ್ನ ಅಮ್ಮ,
ಯಶೋದ

ತಾ.ಕ.: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದೆ. ನಿನ್ನಪ್ಪ ಹೋಗುವುದಕ್ಕೆ ಸ್ವಲ್ಪ ದಿನ ಮುಂಚೆ ಯಳಂದೂರಿನ ಬಸ್ ಸ್ಟ್ಯಾಂಡಿನಿಂದ ನನಗೊಂದು ವಾಯ್ಸ್ ಮೆಸೇಜು ಕಳಿಸಿದ್ದರು. 'ಯಶೂ, ಬಸ್ಸು ಸಿಕ್ತು ಕಣೇ, ಸೀಟೂ ಸಿಕ್ತು. ಊಟಕ್ಕೆ ಕಾಯ್ಬೇಡ.' ಇಷ್ಟೇ. ಅವರು ಹೋದ ಮೇಲೆ ಪ್ರತಿದಿನ ಬೆಳಿಗ್ಗೆ ಅದನ್ನು ಹಾಕಿಕೊಂಡು ಕೇಳುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಈಗಲೂ ಹಾಕುತ್ತೇನೆ. ಫೋನನ್ನು ಕೆನ್ನೆಗೆ ಒತ್ತಿಕೊಂಡರೆ ಸಣ್ಣಗೆ ನಡುಗುತ್ತದೆ, ಆಮೇಲೆ ನಿಲ್ಲುತ್ತದೆ. ಮಾತೆಲ್ಲ ಬಾಯಿಪಾಠ. ಆದರೆ ಅವರ ದನಿ ನೆನಪಿನಿಂದ ಜಾರುತ್ತಿದೆ ಮಗಳೇ, ನೆನಪಿಸಿಕೊಂಡರೆ ಒಮ್ಮೊಮ್ಮೆ ನನ್ನದೇ ದನಿಯಲ್ಲಿ ಬರುತ್ತದೆ. ಆ ಮೆಸೇಜನ್ನು ನಿನ್ನ ಮೊಬೈಲಿಗೆ ಕಳಿಸುತ್ತಿದ್ದೇನೆ. ಬಿಡುವಾದಾಗ ಕೇಳು. ಅವರು 'ಕಣೇ' ಅನ್ನುವಾಗ ನಗುತ್ತಿದ್ದರಾ, ಬರೀ ಸುಸ್ತಾಗಿದ್ದರಾ, ನನಗೆ ಬರೆದು ತಿಳಿಸು.