ಫೇರ್ ಕಾಪಿ

೩ ಆಗಸ್ಟ್ ೧೯೯೮, ಸೋಮವಾರ

ಹತ್ತನೆಯ ತರಗತಿಯ ಫೈಲುಗಳಿಗೆ ಮತ್ತೆ ದಾರ ಕಟ್ಟಿದೆ. ನಲವತ್ತೊಂದು ಮಕ್ಕಳು, ನಲವತ್ತೊಂದು ರಟ್ಟಿನ ಫೈಲು. ಎಂಟನೆಯ ತರಗತಿಯಿಂದ ಇದು ಮೂರನೇ ವರ್ಷ. ಏನು ಬರೆದರೂ, ತಪ್ಪು ಬರೆದರೂ, ತಾರೀಖು ಹಾಕಿ ಒಳಗೆ. ಹರಿಯುವ ಹಾಗಿಲ್ಲ. ಮಗು ಎಲ್ಲಿತ್ತು, ಎಲ್ಲಿಗೆ ಬಂತು — ಕಾಣಬೇಕು.

ಸ್ಟಾಫ್ ರೂಮಿನವರಿಗೆ ನಗೆಪಾಟಲು. ಹೆಡ್‌ಮಾಸ್ತರ ರಾಜಾರಾಮ ಸರ್ ಅಂತೂ ಬಾಗಿಲಲ್ಲೇ ನಿಂತು, "ಲಗಮಣ್ಣ ಮಾಸ್ತರ, ರದ್ದಿ ಅಂಗಡಿ ಜೋರ್ ನಡದೈತಲ್ರಿ!" ನಾನೂ ನಕ್ಕೆ. ನಗದೆ ಏನು ಮಾಡಲಿ. ಈ ಶಾಲೆಗೆ ಬಂದ ಮೇಲೆ ಆರು ವರ್ಷದಿಂದ ಟೆಂಪರರಿ ನಾನು. ಪರ್ಮನೆಂಟ್ ಮಾಡುವ ಕಾಗದ ಶಾಲೆಯ ಚೇರಮನ್ನರ ಸಹಿಗೆ ಕೂತಿದೆ. ಕೂತೇ ಇದೆ.

೨೧ ಆಗಸ್ಟ್, ಶುಕ್ರವಾರ

ಅಕ್ಕುತಾಯಿಯ ಫೈಲು ನೋಡುತ್ತ ಕೂತೆ. ಒಂದು ಪೀರಿಯಡ್ ಹೋಗಿದ್ದೇ ತಿಳಿಯಲಿಲ್ಲ. ಮೂರು ಮಳೆಗಾಲದಿಂದ ದಿನಾ ಬೆಳಗ್ಗೆ ಕೃಷ್ಣೆಯ ಘಾಟಿಗೆ ಹೋಗಿ ಎಷ್ಟು ಮೆಟ್ಟಿಲು ಮುಳುಗಿವೆ ಎಂದು ಎಣಿಸಿ ಬರೆದಿದ್ದಾಳೆ. ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ, ಮೊಂಡು ಪೆನ್ಸಿಲಿನಲ್ಲಿ. ಮೇಲೆ ಕೊಯ್ನಾ ಡ್ಯಾಮಿನಿಂದ ನೀರು ಬಿಟ್ಟ ಸುದ್ದಿ ರೇಡಿಯೋದಲ್ಲಿ ಕೇಳಿ ಅದನ್ನೂ ಬದಿಗೆ ಗುರುತು ಹಾಕಿದ್ದಾಳೆ. ಬಿಟ್ಟ ನೀರು ನಮ್ಮೂರು ಜುಗೂಳ ಮುಟ್ಟಲು ಎಷ್ಟು ತಾಸು ಬೇಕು — ತಾನೇ ಲೆಕ್ಕ ಹಾಕಿದ್ದಾಳೆ! ನಾನು ಹೇಳಿಕೊಟ್ಟಿದ್ದಲ್ಲ. ನನಗೇ ಹೊಳೆದಿರಲಿಲ್ಲ.

ಅಲ್ಲಲ್ಲಿ "ನೋಡಿಲ್ಲ" ಎಂದು ಬರೆದಿತ್ತು. ಏನಿದು ಅಂದೆ.

"ಅವ್ವನ ಕೂಡ ಕಳೆ ತೆಗಿಯಾಕ ಹೋಗಿದ್ನಿರಿ ಸರ್. ಘಾಟಿಗಿ ಹೋಗಾಕ ಆಗಲಿಲ್ಲ."

"ಅಂದಾಜಿಗೆ ಒಂದ್ ಬರೀಬೇಕಿಲ್ಲ?"

"ನೋಡಿಲ್ಲಲ್ರಿ ಮತ್ತ."

ಹನ್ನೆರಡು ವರ್ಷದ ಮಾಸ್ತರಿಕೆಯಲ್ಲಿ ಇಂಥ ಉತ್ತರ ಕೇಳಿರಲಿಲ್ಲ.

೯ ಸೆಪ್ಟೆಂಬರ್

ಸರ್ಕ್ಯುಲರ್ ಬಂತು. ಡಿಸೆಂಬರಿನಲ್ಲಿ ಚಿಕ್ಕೋಡಿಯಲ್ಲಿ ವಿಜ್ಞಾನ ಪ್ರದರ್ಶನ. ವಿದ್ಯಾರ್ಥಿ ಮಾಡಿದ ಕೆಲಸವನ್ನು ಕಂಪ್ಯೂಟರಿನಲ್ಲಿ ತೋರಿಸಬೇಕಂತೆ, ಸ್ಲೈಡ್ ಮಾಡಿ. ಜೊತೆಗೆ ಫೈಲು. ಗೆದ್ದ ಒಬ್ಬರಿಗೆ ಒಂದು ಟ್ರಸ್ಟಿನವರು ಬೆಳಗಾವಿಯಲ್ಲಿ ಎರಡು ವರ್ಷ ಪಿಯುಸಿ ಸೈನ್ಸ್ ಓದಿಸುತ್ತಾರೆ. ಊಟ, ಹಾಸ್ಟೆಲ್ ಎಲ್ಲ.

ಓಡಿದೆ. ನಿಜವಾಗಿ ಓಡಿದೆ, ಜನಾಬಾಯಿಯ ಮನೆಗೆ. ಅಕ್ಕುತಾಯಿಯ ತಾಯಿ. ಕಬ್ಬಿನ ಒಣ ಸೋಗೆಯ ಹೊರೆ ಹೊತ್ತು ಆಗಷ್ಟೇ ಬಂದಿದ್ದಳು.

"ಹತ್ತನೇತ್ತಾ ಆದ್ ಮ್ಯಾಲ ಮುಗೀತ್ರಿ ಮಾಸ್ತರ. ಮಿರಜ್ ಕಡೆ ಒಂದ್ ಸ್ಥಳ ಬಂದೈತಿ. ಮೇ ತಿಂಗಳದಾಗ ಲಗ್ನ."

"ಬೆಳಗಾಂವ್ ಸೀಟ್ ಸಿಕ್ರ?"

ಹೊರೆಯನ್ನು ಗೋಡೆಗೆ ಒರಗಿಸಿದಳು. "ಸಿಕ್ರ ಲಗ್ನ ನಿಲ್ಲಸ್ತೇನ್ರಿ. ಸಿಗದಿದ್ರ ನಂಗ ಏನೂ ಕೇಳಬ್ಯಾಡ್ರಿ."

೧೨ ಅಕ್ಟೋಬರ್, ಸೋಮವಾರ

ರಾಜಾರಾಮ ಸರ್ ಕ್ಯಾಲೆಂಡರ್ ಹಾಳೆಗಳನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದರು. "ಇದನ್ನ ಸ್ಕ್ಯಾನ್ ಮಾಡ್ಸಿದ್ರ ಸಾಲಿ ಮರ್ಯಾದಿ ಏನಾಗ್ಬೇಕ್ರಿ? ಫೇರ್ ಕಾಪಿ ಮಾಡಸ್ರಿ."

ನಮ್ಮ ಶಾಲೆಯ ರೂಢಿ. ಹೊರಗೆ ಹೋಗುವ ಯಾವ ಕಾಗದವಾದರೂ ಅಕ್ಷರ ದುಂಡಗಿದ್ದವರ ಕೈಯಲ್ಲಿ ಬರೆಸುವುದು. ಬರೆದವರು ಕೆಳಗೆ ತಮ್ಮ ಹೆಸರು ಹಾಕುವುದು — ಅಕ್ಷರಕ್ಕೆ ಮಾನ ಅಂತ. ಅಕ್ಷರ ಅಂದರೆ ಸುಂದರಾ. ಚೇರಮನ್ ಬಾಪುಸಾಹೇಬರ ಮೊಮ್ಮಗಳು, ಅದೇ ಕ್ಲಾಸು. ಪಾಪ, ಒಳ್ಳೆಯ ಹುಡುಗಿ. ಅವಳಿಗೇ ಕೊಟ್ಟೆ.

ತಿದ್ದಬಾರದು, ಹರಿಯಬಾರದು ಅಂತ ಮೂರು ವರ್ಷ ಭಾಷಣ ಬಿಗಿದವನು ನಾನು. ಕೊಟ್ಟವನೂ ನಾನೇ.

೧೬ ಅಕ್ಟೋಬರ್

ಕಾಪಿ ಬಂತು. ಮುತ್ತು ಪೋಣಿಸಿದ ಹಾಗೆ. ಆದರೆ "ನೋಡಿಲ್ಲ" ಒಂದೂ ಇಲ್ಲ! ಎಲ್ಲ ದಿನಕ್ಕೂ ಅಂಕಿ.

"ಸುಂದರಾ, ಏನಬೇ ಇದು?"

"ಖಾಲಿ ಬಿಡಬಾರದಂತ ಹೆಡ್‌ಸರ್ ಹೇಳ್ಯಾರ್ರಿ. ಹಿಂದಿಂದು ಮುಂದಿಂದು ನೋಡಿ ನಡುವಿಂದೊಂದ್ ಅಂಕಿ ಹಾಕೇನ್ರಿ ಸರ್."

ಮತ್ತೆ ಬರೆಸಬೇಕಿತ್ತು. ನಾಳೆಯಿಂದ ದೀಪಾವಳಿ ರಜೆ. ಇರಲಿ ಅಂದೆ. ಇರಲಿ! ನನ್ನ ನಾಲಿಗೆಗೆ ಬರೆ ಹಾಕಬೇಕು.

೨೪ ನವೆಂಬರ್, ಮಂಗಳವಾರ. ಚಿಕ್ಕೋಡಿ ಬಸ್ ಸ್ಟ್ಯಾಂಡ್, ಮಧ್ಯಾಹ್ನ

ಕಂಪ್ಯೂಟರ್ ಸೆಂಟರಿನಿಂದ ಈಗ ಬಂದೆ. ಬಸ್ಸು ಇನ್ನೂ ಇಲ್ಲ.

ಸ್ಲೈಡ್ ತಯಾರು. ಬಣ್ಣ ಏನು, ಅಕ್ಷರ ಒಂದೊಂದೇ ಹಾರಿ ಬರುವುದೇನು. ಮೊದಲನೇ ಸ್ಲೈಡಿನಲ್ಲೇ — ಪ್ರಾಜೆಕ್ಟ್ ಬೈ ಕುಮಾರಿ ಸುಂದರಾ. ಸೆಂಟರಿನ ಹುಡುಗನಿಗೆ ಏನು ಗೊತ್ತು, ಕಾಗದದ ಕೆಳಗಿದ್ದ ಹೆಸರು ತೆಗೆದು ಮೇಲೆ ಹಾಕಿದ್ದಾನೆ. ತಪ್ಪಾಗಿದೆ, ಅಕ್ಕುತಾಯಿ ಅಂತ ಮಾಡು ಅಂದೆ. ಎರಡು ನಿಮಿಷದ ಕೆಲಸ ಸರ್, ಅಂದ. ಕೀಬೋರ್ಡಿಗೆ ಕೈ ಕೂಡ ಹಚ್ಚಿದ್ದ.

ಸೆಂಟರಿನ ಬಿಲ್ಲು ಕೊಡಲು ಬಂದಿದ್ದ ಬಾಪುಸಾಹೇಬರು ಹಿಂದೆ ಕುರ್ಚಿಯಲ್ಲಿದ್ದರು. ಚಹಾ ಕುಡಿಯುತ್ತಿದ್ದರು.

"ಇರ್ಲಿ ಬಿಡೋ ತಮ್ಮಾ. ಬರದಾಕಿ ನಮ್ಮ ಹುಡುಗಿನ ಅಲ್ಲೇನ್ರಿ, ಮಾಸ್ತರ?"

"ಬರದಾಕಿ ಹೌದ್ರಿ, ಆದ್ರ—"

"ಆ ಹುಡುಗಿ ಸ್ಟೇಜ್ ಮ್ಯಾಲ ನಿಂತು ಏನ್ ಮಾತಾಡ್ತಾಳ್ರಿ? ಅಕಿನೂ ಕರಕೊಂಡ್ ಬರ್ರಿ, ಬ್ಯಾಡ ಅನ್ನಾಂಗಿಲ್ಲ. ಬಟನ್ ಒತ್ತಲಿ." ಆಮೇಲೆ ನಗುತ್ತ, "ನಿಮ್ಮದೂ ಒಂದ್ ಕಾಗದ ನನ್ನ ಹಂತ್ಯಾಕ ಬಾಳ ದಿವಸದಿಂದ ಬಿದ್ದೈತಿ, ಅಲ್ಲ?"

ನಲವತ್ತು ಎಕರೆ ಕಬ್ಬು, ದ್ರಾಕ್ಷಿ ಬೇರೆ. ಮೊಮ್ಮಗಳನ್ನು ಬೆಳಗಾವಿಯಲ್ಲಲ್ಲ, ಬೇಕಾದರೆ ಪುಣೆಯಲ್ಲಿ ಓದಿಸಬಲ್ಲ ಮನುಷ್ಯ. ಸೀಟು ಅವರಿಗೆ ಬೇಕಾಗಿಲ್ಲ. ಪೇಪರಿನಲ್ಲಿ ಹೆಸರು ಬೇಕು.

ಹುಡುಗ ನನ್ನ ಮುಖ ನೋಡಿದ. ನಾನು ಸ್ಕ್ರೀನ್ ನೋಡಿದೆ. ಅವನು ಕೈ ತೆಗೆದ.

೫ ಡಿಸೆಂಬರ್, ಶನಿವಾರ

ಗೆದ್ದಿತು.

ಸುಂದರಾ ಬಾಯಿಪಾಠ ಹೇಳಿದಳು. ಅಕ್ಕುತಾಯಿ ಬಟನ್ ಒತ್ತಿದಳು. ಒಂದು ಸಲವೂ ತಪ್ಪಲಿಲ್ಲ. ಜಡ್ಜ್ ಸಾಹೇಬರು ಮೈಕಿನಲ್ಲಿ ಹೊಗಳಿದ್ದೇ ಹೊಗಳಿದ್ದು — "ಮೂರು ಮಳೆಗಾಲ, ಒಂದೇ ಒಂದು ದಿನ ತಪ್ಪಿಸಿಲ್ಲ! ಇದು ವಿಜ್ಞಾನಿಯ ಶಿಸ್ತು." ಚಪ್ಪಾಳೆ. ನಾನೂ ತಟ್ಟಿದೆ. ಥೂ.

ಜೀಪಿನಲ್ಲಿ ಬರುವಾಗ ಅಕ್ಕುತಾಯಿ ಹಿಂದಿನ ಸೀಟಿನಲ್ಲಿ. ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಅಂಕಲಿ ದಾಟಿದ ಮೇಲೆ ಮೆಲ್ಲಗೆ ಕೇಳಿದಳು, "ಸರ್, ನಾ ನೋಡಿಲ್ಲ ಅಂತ ಬರದ ದಿವಸ ನೀರ್ ಎಷ್ಟಿತ್ತಂತ ಅವರಿಗೆ ಹ್ಯಾಂಗ ಗೊತ್ತಾತ್ರಿ?"

ಸುಂದರಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ನಾನು ಡ್ರೈವರನಿಗೆ ಮೆಲ್ಲಗೆ ಹೋಗಪ್ಪಾ ಅಂದೆ. ಅವನು ಮೆಲ್ಲಗೇ ಹೋಗುತ್ತಿದ್ದ.

೧೧ ಜನವರಿ ೧೯೯೯

ಒಂದು ತಿಂಗಳು ಇದನ್ನು ತೆಗೆದಿರಲಿಲ್ಲ. ಬರೆಯಲು ಏನಿದೆ.

ಟ್ರಸ್ಟಿನಿಂದ ಸುಂದರಾ ಹೆಸರಿಗೆ ಫಾರ್ಮ್ ಬಂದಿದೆ. "ಈ ಕೆಲಸ ಸದರಿ ವಿದ್ಯಾರ್ಥಿನಿಯದೇ ಸ್ವಂತ ಕೆಲಸವೆಂದು ದೃಢೀಕರಿಸುತ್ತೇನೆ." ಕೆಳಗೆ ವಿಜ್ಞಾನ ಶಿಕ್ಷಕರ ಸಹಿ. ಹೆಡ್‌ಮಾಸ್ತರದಲ್ಲ, ಚೇರಮನ್ನರದಲ್ಲ. ನನ್ನದು. ಇಪ್ಪತ್ತೈದನೇ ತಾರೀಖಿನೊಳಗೆ ಮುಟ್ಟಬೇಕು.

ಅದೇ ಟಪಾಲಿನಲ್ಲಲ್ಲ, ಅದೇ ದಿನ ಸಂಜೆ — ನನ್ನ ಪರ್ಮನೆಂಟ್ ಕಾಗದಕ್ಕೆ ಬಾಪುಸಾಹೇಬರ ಸಹಿ ಬಿದ್ದಿತು. ಪೇಢೆ ಹಂಚಿದರು ರಾಜಾರಾಮ ಸರ್. ತಿಂದೆ.

೧೯ ಜನವರಿ

ಜನಾಬಾಯಿ ಶಾಲೆಗೆ ಬಂದಿದ್ದಳು. ಜಗಳಕ್ಕಾದರೂ ಬರಬಾರದಿತ್ತೇ! ಬಯ್ದಿದ್ದರೆ ಹಗುರಾಗುತ್ತಿದ್ದೆ. ಲಗ್ನದ ತಾರೀಖು ಹೇಳಲು ಬಂದಿದ್ದಳು. ಮೇ ಒಂಬತ್ತು. "ನೀವ್ ಬರಬೇಕ್ರಿ ಮಾಸ್ತರ. ನಮ್ಮ ಹುಡುಗಿ ಸಲುವಾಗಿ ಭಾಳ ಓಡ್ಯಾಡೀರಿ."

೨೨ ಜನವರಿ, ಶುಕ್ರವಾರ. ಸ್ಟಾಫ್ ರೂಮು, ನಾಲ್ಕನೇ ಪೀರಿಯಡ್

ಫಾರ್ಮ್ ಮುಂದೆ ಇದೆ. ಸಹಿ ಆಗಿದೆ. ನಿನ್ನೆಯೇ ಆಯಿತು. ಕವರಿಗೆ ಹಾಕುವುದಷ್ಟೇ ಬಾಕಿ. ಇವತ್ತಿನ ಟಪಾಲು ಎರಡೂವರೆಗೆ.

ಈಗ ಸುಂದರಾ ಬಂದಳು. ಬಾಗಿಲಲ್ಲೇ ನಿಂತು, ಉಸಿರು ಬಿಡದೆ, ಒಂದೇ ಸಲಕ್ಕೆ ಹೇಳಿದಳು.

"ಸರ್, ಅದು ಅಕ್ಕುತಾಯಿ ಕೆಲಸ ಅಂತ ನಾ ಅಜ್ಜಾಗ ಹೇಳೇನ್ರಿ. ಹುಚ್ಚಿ ಅದಿ ಅಂದ್ರು. ಮಾಸ್ತರ ಬಂದು ಹೇಳಿದ್ರ ಕೇಳ್ತಾರ್ರಿ. ಈಗ ಮನ್ಯಾಗ ಅದಾರ. ನೀವ್ ಬರ್ರಿ ನನ್ ಕೂಡ."

ಕೆಲಸ ಇದೆ, ಇರು ಅಂದೆ. ಕೆಲಸ ಅಂದರೆ ಇದು. ಈ ನೋಟ್‌ಬುಕ್ ತೆಗೆದು ಬರೆಯುತ್ತ ಕೂತಿದ್ದೇನೆ, ತಲೆ ಎತ್ತದೆ. ಬೇಸರವಾಗಿ ಹೋಗುತ್ತಾಳೆ ಅಂದುಕೊಂಡಿದ್ದೆ. ಹೋಗಿಲ್ಲ. ಹದಿನೈದು ವರ್ಷದ ಹುಡುಗಿ. ಅವಳಿಗೆ ಆ ಮನೆಯಲ್ಲಿ ಏನು ಕಾದಿದೆಯೋ. ಆದರೂ ಹೋಗಿಲ್ಲ.

ಪೀರಿಯಡ್ ಬೆಲ್ ಆಯಿತು. "ಸರ್," ಅಂದಳು ಮತ್ತೆ.

ನಾನು ಫಾರ್ಮನ್ನು ಕವರಿಗೆ ಹಾಕದೆ ಜೇಬಿನಲ್ಲಿಟ್ಟು ಏಳುತ್ತಿದ್ದೇನೆ, ಅವಳ ಜೊತೆ ಹೋಗಲು.