ಎಡೆಯಿಡುವ ಮೊದಲು

ಏಪ್ರಿಲ್ 9, ಗುರುವಾರ. ಬೆಳಿಗ್ಗೆ 11

ಈ ವಾರ ಎರಡನೇ ಸಲ ರವೆ ಹೊತ್ತಿಸಿದೆ. ಕರ್ರಗಾದದ್ದು ಕಣ್ಣಿಗೆ ಬಿದ್ದ ಮೇಲೇ ಗೊತ್ತಾಗಿದ್ದು. ಇವರು ಅಂಗಳದಿಂದ ಕೂಗಿದರು, "ಏನ, ಮನಿ ಸುಡಾಕತ್ತೀಯೇನ?" ಫೋನಿನಲ್ಲಿದ್ದೆ ಎಂದೆ. ಸುಳ್ಳು. ಕಡಾಯಿಯ ಎದುರಿಗೇ ನಿಂತಿದ್ದೆ.

ಫೆಬ್ರುವರಿಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟಾಯಿತಲ್ಲ, ಅವತ್ತಿನಿಂದ ಮೂಗಿಗೆ ವಾಸನೆ ಇಲ್ಲ. ಬಾವು ಎಂಟು ದಿನಕ್ಕೆ ಇಳಿಯಿತು. ವಾಸನೆ ಮಾತ್ರ ಮರಳಲಿಲ್ಲ. ಮಲ್ಲಿಗೆ, ಫಿನೈಲ್, ಇಂಗು — ಎಲ್ಲ ಒಂದೇ. ಕುತ್ತಿಗೆ ನೋವೆಂದು ನೆಪ ಹೇಳಿ ಬಾಗಲಕೋಟೆಗೆ ಹೋಗಿಬಂದೆ. ಮೂಗಿನ ನರಕ್ಕೆ ಪೆಟ್ಟು ಅಂದರು ಡಾಕ್ಟರ್. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತಲೆಯ ಸ್ಕ್ಯಾನ್ ಮಾಡಿಸಿ ಅಂದರು. ಮಾಡಿಸಿಲ್ಲ. ಮನೆಯಲ್ಲಿ ಯಾರಿಗೂ ಹೇಳಿಯೂ ಇಲ್ಲ.

ಹೇಳಿದರೆ ಅಡುಗೆಮನೆ ಹೋಯಿತು. ಇವರ ದೊಡ್ಡಮ್ಮನ ಕಣ್ಣು ಮಂಜಾದ ವರ್ಷ ನಾನು ಹೊಸ ಸೊಸೆ. ಅತ್ತೆ ಒಂದೇ ದಿನದಲ್ಲಿ ಆಕೆಯನ್ನು ಪಡಸಾಲೆಗೆ ಕೂರಿಸಿ ಮುಂದೆ ಮೊರ ಇಟ್ಟರು. ಸಾಯುವವರೆಗೂ ಕಾಳು ಆರಿಸುತ್ತಲೇ ಕೂತಿದ್ದಳು. ನನಗಿನ್ನೂ ನಲವತ್ತಾರು.

ಏಪ್ರಿಲ್ 12, ರವಿವಾರ

ಸಾಲೆಗಳಿಗೆ ರಜೆ ಬಿದ್ದಿದೆ. ಮೈದುನನ ಹೆಂಡತಿ, ನನ್ನ ನೆಗೆಣ್ಣಿ ಪದ್ಮಶ್ರೀಯ ಫೋನ್, ಬಾಗಲಕೋಟೆಯ ವಿದ್ಯಾಗಿರಿಯಿಂದ. "ಅಕ್ಕಾ, ಶನಿವಾರ ಬರ್ತೇವಿ. ಹುಡುಗ್ರು ಈಗಿಂದನ ಕರದಂಟು ಕರದಂಟು ಅಂತ ಕುಣ್ಯಾಕತ್ತಾವು." ಬಾದಾಮಿಯಿಂದ ನಾದಿನಿ ಶೀಲಾ, ಆಕೆಯ ಸಂಸಾರ. ಒಟ್ಟು ಹದಿನಾಲ್ಕು ಜನ. ಬಸವ ಜಯಂತಿ ಸೋಮವಾರ.

ನಮ್ಮ ಹುನಗುಂದದಿಂದ ಅಮೀನಗಡ ಅರ್ಧ ತಾಸಿನ ದಾರಿ. ಒಳ್ಳೆಯ ಕರದಂಟು ಬೇಕಾದಷ್ಟು ಸಿಗುತ್ತದೆ. ಆದರೆ ಈ ಮನೆಯಲ್ಲಿ ಅಂಗಡಿಯದ್ದು ಎಡೆಗೆ ನಡೆಯದು. ಮಠದ ಜಂಗಮರು, ಅಯ್ಯನವರು ಬಂದು, ಪಾದಪೂಜೆಯಾಗಿ, ಅವರ ತಾಟಿಗೆ ಬಡಿಸುವವರೆಗೆ ಯಾರೂ ಒಂದು ಚೂರು ಬಾಯಿಗೆ ಹಾಕುವಂತಿಲ್ಲ. ಮಾಡುವವಳಂತೂ ಬೆರಳನ್ನೂ ನೆಕ್ಕಬಾರದು. ಹದವೆಲ್ಲ ಕಣ್ಣಲ್ಲಿ, ಕಡಾಯಿಯಿಂದ ಮೂಗಿಗೆ ಬರುವ ಘಮದಲ್ಲಿ. ಅಡುಗೆಮನೆ ಒಪ್ಪಿಸುವ ಮೊದಲು ಅತ್ತೆ ನನ್ನ ಕಣ್ಣಿಗೆ ಸೆರಗು ಕಟ್ಟಿ, ತುಪ್ಪದ ನಾಲ್ಕು ಡಬ್ಬಿ ಮೂಗಿಗೆ ಹಿಡಿದು, ಯಾವುದು ಹಳೆಯದೆಂದು ಕೇಳಿದ್ದರು. ನಾಲ್ಕನ್ನೂ ಸರಿಯಾಗಿ ಹೇಳಿದ್ದೆ. ಎಂಥ ಜಂಬ ಆಗ ನನಗೆ.

ಏಪ್ರಿಲ್ 15, ಬುಧವಾರ. ಮಧ್ಯಾಹ್ನ

ಹಿತ್ತಲ ಗೋಡೆಯಾಚೆಯ ನಾಹಿದಾಗೆ ಹೇಳಿಬಿಟ್ಟೆ. ಹೇಳದೆ ಗತಿ ಇರಲಿಲ್ಲ. ರಮಜಾನಿಗೆ ಅವಳು ಕೊಟ್ಟ ಹಾಲು-ಶಾವಿಗೆಯ ಸುರಕುಂಬಾ ಕುಡಿದು "ಭಾಳ ಚಲೋ" ಎಂದಿದ್ದೆ. ಅವತ್ತೇ ಸಂಶಯ ಬಂದಿತ್ತಂತೆ. "ಅಕ್ಕಾರ, ಅದು ತಳ ಹತ್ತಿತ್ತು. ನೀವು ಸುಮ್ಮ ಬಿಡೋರಲ್ಲ, ಬೈತಿದ್ರಿ."

ಖರೆ. ಬೈಯುತ್ತಿದ್ದೆ.

ಈಗ ನಮ್ಮ ವ್ಯವಸ್ಥೆ: ಹಿತ್ತಲ ಕಿಟಕಿ ತೆರೆದಿಟ್ಟು ನಾನು ಹುರಿಯುವುದು, ಆಚೆ ಅವಳು ಬಟ್ಟೆ ಒಣಹಾಕುತ್ತ ನಿಲ್ಲುವುದು. ಘಮ ಬಂದಾಗ ಒಮ್ಮೆ ಕೆಮ್ಮುತ್ತಾಳೆ. ಗಸಗಸೆ, ಉತ್ತತ್ತಿ ಇವತ್ತು ಹೀಗೇ ಮುಗಿದವು. ಅತ್ತೆ ಪಡಸಾಲೆಯಿಂದ, "ಆ ನಾಹಿದಾಗ ಕೆಮ್ಮ ಭಾಳ ಆಗೇತಿ, ಕಷಾಯ ಮಾಡಿ ಕೊಡು" ಎಂದರು. ನಗು ತಡೆದುಕೊಂಡು ಕಷಾಯಕ್ಕಿಟ್ಟೆ.

ಏಪ್ರಿಲ್ 18, ಶನಿವಾರ. ಸಂಜೆ 6

ಎಲ್ಲರೂ ಬಂದರು. ಮನೆ ತುಂಬಿದೆ. ಕಾಲಿಟ್ಟಲ್ಲಿ ಬ್ಯಾಗು, ಚಪ್ಪಲಿ, ಚಾರ್ಜರ್.

ನಾಹಿದಾ ಬೆಳಿಗ್ಗೆಯೇ ಇಳಕಲ್ಲಿಗೆ ಹೋದಳು. ತಂಗಿ ಸುಲ್ತಾನಾಗೆ ಹೆರಿಗೆ ನೋವು ಶುರುವಾಗಿದೆಯಂತೆ. ಗೋಡೆಯ ಮೇಲಿಂದ ಬಗ್ಗಿ, "ಕೊಬ್ಬರಿ ಅಷ್ಟ ನೋಡಿ ತಗೊಳ್ರಿ ಅಕ್ಕಾರ, ಬಿಸಲ ಭಾಳ ಐತಿ" ಎಂದು ಹೋದಳು. ಏನು ನೋಡಲಿ? ನೋಡಲು ಬೆಳ್ಳಗೇ ಇದೆ.

ಪದ್ಮಶ್ರೀ ಒಳಗೆ ಹೊರಗೆ ಸುತ್ತುತ್ತಿದ್ದಾಳೆ. "ನಾ ಏನರ ಮಾಡ್ಲೇನಕ್ಕಾ?" ಒಳ್ಳೆಯವಳೇ. ಆದರೂ ಅವಳು ಕಡಾಯಿಯ ಕಡೆ ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಏಪ್ರಿಲ್ 19, ರವಿವಾರ. ಸಂಜೆ 4.30

ಕೋಣೆಯ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಮಧ್ಯಾಹ್ನ ಅತ್ತೆ ಮಠಕ್ಕೆ ಹೋಗಿದ್ದರು. ಆ ಹೊತ್ತು ನೋಡಿಯೇ ಕೂತೆ. ಅಂಟು ತುಪ್ಪದಲ್ಲಿ ಅರಳಿತು, ಅದು ಕಣ್ಣಿಗೇ ಕಾಣುತ್ತದೆ. ಕೊಬ್ಬರಿ ಹುರಿದೆ, ಫೋನಿನಲ್ಲಿ ನಾಲ್ಕು ನಿಮಿಷದ ಅಲಾರಾಂ ಇಟ್ಟು. ಬೆಲ್ಲದ ಪಾಕ ಎಳೆ ಬಂತು. ಎಲ್ಲ ಕಲಸಿದೆ. ಭಯಕ್ಕೆ ಏಲಕ್ಕಿ, ಜಾಜಿಕಾಯಿ ಎರಡರಷ್ಟು ಹಾಕಿದೆ. ತಾಟಿಗೆ ಸುರಿದು ತಟ್ಟಿದೆ. ಬಣ್ಣ ಚೆನ್ನಾಗಿತ್ತು. ಅಷ್ಟೇ ಗೊತ್ತು ನನಗೆ.

ತಡೆಯಲಾಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ — ಬೆರಳಿಗೆ ಹತ್ತಿದ್ದನ್ನು ಬಾಯಿಗೆ ಹಾಕಿದೆ. ಸಿಹಿ. ಬರೀ ಸಿಹಿ. ತುಪ್ಪವಿಲ್ಲ, ಕೊಬ್ಬರಿಯಿಲ್ಲ, ಏಲಕ್ಕಿಯಿಲ್ಲ. ಮೂಗಿಲ್ಲದ ನಾಲಿಗೆಯೂ ಕುರುಡೇ ಅಂತ ಆಗ ತಿಳಿಯಿತು.

ತಲೆ ಎತ್ತಿದರೆ ಬಾಗಿಲಲ್ಲಿ ಅತ್ತೆ. ಯಾವಾಗ ಬಂದರೋ. ನನ್ನ ಬೆರಳು ಇನ್ನೂ ಬಾಯಲ್ಲೇ ಇತ್ತು. ತಿರುಗಿ ಹೋದರು.

ಅದೇ ದಿನ. 7.15

ಅತ್ತೆ ಊಟ ಒಲ್ಲೆ ಎಂದರಂತೆ. "ಯಾಕಬೇ, ಮೈಯಾಗ ಆರಾಮಿಲ್ಲೇನ?" ಎಂದು ಇವರು ಕೇಳಿದರು. ಮಗ್ಗುಲು ಬದಲಿಸಿ ಮಲಗಿದರಂತೆ. ಹೂವನ್ನು ಮೂಸಿದರೂ ಅದನ್ನು ದೇವರಿಗೆ ಏರಿಸದ ಹೆಂಗಸು. ಎಂಜಲು ಕೈ ಮುಟ್ಟಿದ ಕರದಂಟನ್ನು ಅಯ್ಯನವರಿಗೆ ಬಡಿಸಲು ಬಿಟ್ಟಾರೆಯೇ?

ಏಪ್ರಿಲ್ 20, ಸೋಮವಾರ. ಬೆಳಿಗ್ಗೆ 5.40

ಅತ್ತೆ ಕರೆಯುತ್ತಿದ್ದಾರೆ. ಸ್ನಾನ, ಪೂಜೆ ಮುಗಿಸಿ ಅಡುಗೆಮನೆಯಲ್ಲೇ ಕೂತಿದ್ದಾರೆ. ಏನು ಹೇಳಲಿ? ಬಾಯಿ ಚಪಲ ಅಂದರೆ ಎಡೆ ಕೆಡಿಸಿದವಳು. ಖರೆ ಹೇಳಿದರೆ ಕಾಳು ಆರಿಸುವವಳು. ಹೋಗಲೇಬೇಕು...

ಅದೇ ದಿನ. ಮಧ್ಯಾಹ್ನ 3.30

ಊಟವಾಯಿತು. ಎಲ್ಲರೂ ಫ್ಯಾನಿನ ಕೆಳಗೆ ಉರುಳಿದ್ದಾರೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಅತ್ತೆ ಬಾಗಿಲು ಮುಂದಕ್ಕೆಳೆದುಕೊಳ್ಳಲು ಹೇಳಿದರು. "ಇಂದ್ರವ್ವಾ, ಇಷ್ಟ ವರ್ಷ ನೀ ಬೆರಳ ನೆಕ್ಕಿದ್ದ ನಾ ನೋಡಿಲ್ಲ. ನಿನ್ನೆ ಯಾಕ ನೆಕ್ಕಿದಿ?"

"ವಾಸನಿ ಬರವಲ್ದರಿ."

"ಯಾತರ ವಾಸನಿ?"

"ಯಾತರದೂ ಬರವಲ್ದು. ಬಚ್ಚಲದಾಗ ಬಿದ್ದಾಗಿಂದ."

ಅತ್ತೆ ಗೋಡೆ ಹಿಡಿದು ಎದ್ದರು. ತಾಟಿನ ಮೇಲಿನ ಬಟ್ಟೆ ಸರಿಸಿದರು. ಬಗ್ಗಿದರು. ಕಣ್ಣು ಮುಚ್ಚಿ, ಎಡೆಯ ಕರದಂಟನ್ನು ಮೂಸಿದರು. ಪೂಜೆಯ ಹೂವನ್ನೂ ಮೂಸದ ಹೆಂಗಸು.

"ಕೊಬ್ಬರಿ ಕಮಟ ಆಗೇತಿ. ಎಲ್ಲಾ ಚೆಲ್ಲು."

ಅಳು ಬಂತು. ನಾಚಿಕೆ ಬಿಟ್ಟು ಅತ್ತುಬಿಟ್ಟೆ. "ಅತ್ಯಾರ, ನನ್ನ ಹೊರಗ ಕುಂದರಸಬ್ಯಾಡ್ರಿ," ಎಂದೆ.

ಆಗ ಸಿಟ್ಟು ಬಂತು ಅವರಿಗೆ. "ಡಾಕ್ಟರ್ ಏನಂದಾರ, ಮೊದಲ ಅದನ್ನ ಹೇಳು." ಸ್ಕ್ಯಾನಿನ ಮಾತು ಹೇಳಿದೆ. ಗ್ಯಾಸ್ ಸೋರಿದರೆ ನಿಮಗೆ ತಿಳಿಯೋದಿಲ್ಲ, ಒಬ್ಬರೇ ಒಲೆ ಹಚ್ಚಬೇಡಿ ಅಂದಿದ್ದನ್ನೂ ಹೇಳಿದೆ. ತಲೆ ಮೇಲೆ ಕೈಹೊತ್ತು ಕೂತರು. "ತಲಿಗೆ ಪೆಟ್ಟು ಬಿದ್ದು ಎರಡ ತಿಂಗಳಾತು. ಒಳಗ ಏನಾಗೇತೋ ಏನೋ. ಅದನ್ನ ಬಿಟ್ಟು ಕರದಂಟಿನ ಚಿಂತಿ ಮಾಡ್ಕೋತ ಕುಂತೀಯಲ್ಲ, ಹುಚ್ಚಿ. ನೀ ಸತ್ತರ ಈ ಅಡಗಿಮನಿ ತಗೊಂಡು ನಾ ಏನ ಮಾಡ್ಲಿ?"

ಆಮೇಲೆ ದನಿ ಇಳಿಸಿ, "ನಮ್ಮಕ್ಕನ್ನ ಹೊರಗ ಕುಂದರಿಸಿ ನಾ ತಪ್ಪ ಮಾಡೇನಿ. ಸಾಯೂಮಟ ನನ್ನ ಕೂಡ ನೆಟ್ಟಗ ಮಾತಾಡಲಿಲ್ಲ ಅಕಿ," ಎಂದರು.

ಅಯ್ಯನವರು ಬರುವುದು ಹನ್ನೊಂದಕ್ಕೆ. ಗೋದಿ ನುಚ್ಚಿನ ಸಜ್ಜಕಕ್ಕಿಟ್ಟೆವು. ನಾನು ಕೈಯಾಡಿಸುವುದು, ಅತ್ತೆ ಪಕ್ಕದ ಸ್ಟೂಲಿನಲ್ಲಿ. "ಇನ್ನೊಂದೀಟ... ಇನ್ನೊಂದೀಟ... ಈಗ ಇಳಸು." ಮಾವಿನ ಹಣ್ಣನ್ನೂ ಅವರೇ ಒಂದೊಂದಾಗಿ ಮೂಸಿ ಸೀಕರಣೆಗೆ ಕೊಟ್ಟರು. ಅಯ್ಯನವರು ಎರಡು ಸಲ ಸಜ್ಜಕ ಹಾಕಿಸಿಕೊಂಡರು.

ಹುಡುಗರು ಕರದಂಟೆಲ್ಲಿ ಎಂದು ಗಲಾಟೆ ಎಬ್ಬಿಸಿದರು. ಅತ್ತೆ ಪಂಕ್ತಿಯ ನಡುವೆಯೇ ಎಲ್ಲವನ್ನೂ ಹೇಳಿಬಿಟ್ಟರು, ಬಿದ್ದದ್ದು, ವಾಸನೆ ಹೋದದ್ದು, ಕೊಬ್ಬರಿ ಕೆಟ್ಟದ್ದು. ಪದ್ಮಶ್ರೀ ಬಾಯಿಗೆ ಸೆರಗು ಹಿಡಿದಳು. ಅವಳ ಕಡೆ ತಿರುಗಿ ಅತ್ತೆ ಕೇಳಿದರು, "ನೀ ನಿನ್ನೆ ದಿನಪೂರ್ತಿ ಇಲ್ಲೇ ಇದ್ದಿ. ಇಕಿ ಮೂಗರ ಹೋಗೇತಿ, ನಿನ್ನ ಮೂಗಿಗೇನಾಗಿತ್ತು?"

ಇವರು ನಗಲಿಲ್ಲ. ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ಡಾಕ್ಟರಿಗೆ ಫೋನ್ ಹಚ್ಚಿದರು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬಾಗಲಕೋಟೆ. ನನಗೆ ಈಗ ಸ್ಕ್ಯಾನಿನದ್ದೇ ಹೆದರಿಕೆ. ಇಷ್ಟು ದಿನ ಆ ಹೆದರಿಕೆಗೆ ಪುರಸೊತ್ತೇ ಇರಲಿಲ್ಲ.

ಪದ್ಮಶ್ರೀ ಕೂಗುತ್ತಿದ್ದಾಳೆ. "ಅತ್ಯಾರ, ಚಹಾ ನಾ ಇಡ್ಲೇನ್ರಿ?"

"ನೀ ಯಾಕ ಇಡ್ತಿ? ಇಂದ್ರವ್ವ ಇಡ್ತಾಳ. ತಡಿ, ಒಲಿ ಹಚ್ಚಬ್ಯಾಡ್ರಿ, ನಾ ಬರೂತನಕ..."

ಮಂಡಿನೋವಿಗೆ ಒಮ್ಮೆ ಕೂತರೆ ಏಳಲು ಒದ್ದಾಡುವ ಮುದುಕಿ. ಗೋಡೆ ಹಿಡಿದು, ಒಂದೊಂದೇ ಹೆಜ್ಜೆ, ನನ್ನ ಕೋಣೆಯ ಮುಂದೆಯೇ ಹಾದು ಅಡುಗೆಮನೆ ಕಡೆಗೆ ಹೊರಟಿದ್ದಾರೆ.